ನಿಮಗಿದು ಗೊತ್ತೇ? ಶಿವಾಜಿನಗರದಲ್ಲಿ ಸೂರ್ಯ, ಕೆ.ಆರ್. ಪುರದಲ್ಲಿ ನೆಪ್ಚೂನ್!

ಮಕ್ಕಳಿಗೆ ಗ್ರಹಗಳ ಪರಿಚಯ ಮಾಡಿಸಬೇಕೇ? ಹಾಗಿದ್ದರೆ ಮೊದಲು ಗೋಡೆಯ ಮೇಲಿನ ಬಣ್ಣಬಣ್ಣದ ಚಾರ್ಟನ್ನು ಸುತ್ತಿ ಅಟ್ಟಕ್ಕೆ ಹಾಕಿ. ಅದರಲ್ಲಿ ಎಂಟೂ ಗ್ರಹಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಅದು ಶುದ್ಧ ಸುಳ್ಳು! ನಿಜವಾದ ಅಳತೆ ತೋರಿಸಲು ಹಾಳೆ ಸಾಲದು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಜಾಗ ಬೇಕು!

ಹೇಗೆ ಅಂತೀರಾ? 1927ರಲ್ಲಿ ಕಟ್ಟಿದ ನಮ್ಮ ರಸೆಲ್ ಮಾರ್ಕೆಟ್ಟಿನ ಮುಂದೆ ಸೂರ್ಯನನ್ನು ಇಡಿ. ಸೂರ್ಯನಿಗೂ ಭೂಮಿಗೂ ನಡುವೆ ಇರುವ 15 ಕೋಟಿ ಕಿ.ಮೀ.ಯನ್ನು 350 ಮೀಟರಿಗೆ ಕುಗ್ಗಿಸಿ. ಆಗ ಸೂರ್ಯನ ಅಡ್ಡಳತೆ 3 ಮೀಟರ್ ಚಿಲ್ಲರೆ. ಸುಮಾರು ಎರಡಾಳೆತ್ತರ! ನಮ್ಮ ಭೂಮಿ? ಬರೀ 3 ಸೆಂಟಿಮೀಟರ್. ಮಗುವಿನ ಮುಷ್ಟಿಯೊಳಗೆ ಮಾಯ!

ಈಗ ಪೂರ್ವಕ್ಕೆ ಹೊರಡಿ. ಬುಧ 136 ಮೀಟರಿಗೆ ಸಿಕ್ಕಿಬಿಡುತ್ತಾನೆ. ಶುಕ್ರ 250 ಮೀಟರಿಗೆ. ಭೂಮಿ 350ಕ್ಕೆ. ಮಂಗಳ 530ಕ್ಕೆ. ಬಸ್ ಸ್ಟ್ಯಾಂಡು, ಬೆಸಿಲಿಕಾ, ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನಲ್ಲೇ ನಾಲ್ಕು ಗ್ರಹ ಮುಗಿದವು. ಇಷ್ಟೇನಾ ಅಂತ ಮಕ್ಕಳು ಕೇಳುತ್ತಾರೆ. ತಾಳಿ, ತಾಳಿ!

ಅಲ್ಲಿಂದಾಚೆ ಖಾಲಿಯೋ ಖಾಲಿ. ಗುರು ಸಿಗುವುದು 1.8 ಕಿ.ಮೀ. ನಡೆದ ಮೇಲೆ, ಹಲಸೂರು ಕೆರೆಯ ಹತ್ತಿರ! ಗ್ರಹಗಳಲ್ಲೆಲ್ಲ ದೊಡ್ಡವನು ಇವನೇ. ಆದರೂ ಈ ಅಳತೆಯಲ್ಲಿ 33 ಸೆಂಟಿಮೀಟರ್ ಮಾತ್ರ.

ಶನಿ 3.3 ಕಿ.ಮೀ. ದೂರದಲ್ಲಿ, ಹಲಸೂರು ಮೆಟ್ರೋ ನಿಲ್ದಾಣ ದಾಟಿ ಇಂದಿರಾನಗರದ ಬಾಗಿಲಲ್ಲಿ. ಯುರೇನಸ್ ನೋಡಲು ಬೈಯಪ್ಪನಹಳ್ಳಿಯನ್ನೂ ದಾಟಬೇಕು. ನೆಪ್ಚೂನ್? ಹತ್ತೂವರೆ ಕಿ.ಮೀ.! ಕೆ.ಆರ್. ಪುರ ಪೇಟೆಯ ಆಚೆ. ಇವೆಲ್ಲ ದಾರ ಎಳೆದಂತೆ ನೇರ ಅಳತೆ. ರಸ್ತೆಯಲ್ಲಿ ಹೋದರೆ ಇನ್ನೂ ಜಾಸ್ತಿ. ಫ್ಲೈಓವರ್, ಒನ್ ವೇ ಎಲ್ಲ ಸೌರವ್ಯೂಹದಲ್ಲಿಲ್ಲ ನೋಡಿ!

ಚಂದ್ರನನ್ನು ಮರೆತೆವಾ? ಇಲ್ಲ. ಅವನು ಭೂಮಿಯಿಂದ 90 ಸೆಂಟಿಮೀಟರ್ ದೂರದಲ್ಲಿದ್ದಾನೆ. ಮನುಷ್ಯ ಇದುವರೆಗೆ ಕಾಲಿಟ್ಟಿರುವ ಅತಿ ದೂರದ ಜಾಗ ಅದು. ನಮ್ಮ ಚಂದ್ರಯಾನ-3 ದಾಟಿದ ಅಂತರವೂ ಅಷ್ಟೇ. ಒಂದು ಮೀಟರೂ ಅಲ್ಲ!

ಇದಕ್ಕಿಂತ ಮಜಾ ಕೇಳಿ. ಈ ಅಳತೆಯಲ್ಲಿ ಬೆಳಕಿನ ವೇಗ ಎಷ್ಟು ಗೊತ್ತೇ? ಸೆಕೆಂಡಿಗೆ 70 ಸೆಂಟಿಮೀಟರ್! ನಿಜವಾದ ಬೆಳಕು ಸೂರ್ಯನಿಂದ ಭೂಮಿಗೆ ಬರಲು 8 ನಿಮಿಷ 20 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅದೇ ಹೊತ್ತನ್ನು 350 ಮೀಟರಿಗೆ ಹಂಚಿದರೆ ಸಿಗುವುದು ಇಷ್ಟೇ. ಅಂದರೆ ಕೈ ಬೀಸಿಕೊಂಡು ನಡೆಯುವ ನಿಮ್ಮ ಮಗುವೇ ಬೆಳಕನ್ನು ಹಿಂದೆ ಹಾಕುತ್ತದೆ. ಬೆಳಕು ರಸೆಲ್ ಮಾರ್ಕೆಟ್ಟಿನಿಂದ ಕೆ.ಆರ್. ಪುರ ತಲುಪಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಸಾಯಂಕಾಲದ ಬಸ್ಸಿನಲ್ಲಿ ಹೋಗುವವರು ನಮ್ಮದೂ ಅದೇ ಸ್ಪೀಡು ಅಂದರೆ ನಾನೇನೂ ಹೇಳಲಾರೆ!

1977ರಲ್ಲಿ ಹೊರಟ ವಾಯೇಜರ್-1 ನೌಕೆ ಈಗ ಸೂರ್ಯನಿಂದ 2500 ಕೋಟಿ ಕಿ.ಮೀ.ಗೂ ಆಚೆ ಇದೆ. ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ಅದೇ. ನಮ್ಮ ಅಳತೆಯಲ್ಲಿ ಅದು ಎಲ್ಲಿಗೆ ಬಂತು? ಹಳೇ ಮದರಾಸು ರಸ್ತೆಯಲ್ಲಿ ಹೊಸಕೋಟೆಯನ್ನೂ ದಾಟಿ, ಕೋಲಾರಕ್ಕೆ!

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದನ್ನು ಎಲ್ಲಿಡಬೇಕು? ಕರ್ನಾಟಕದಲ್ಲಿ ಜಾಗವಿಲ್ಲ. ಭೂಮಿಯಲ್ಲೇ ಜಾಗವಿಲ್ಲ! ಈ ಅಳತೆಯಲ್ಲಿ ಅದು 94,000 ಕಿ.ಮೀ. ದೂರ. ಭೂಮಿಯನ್ನು ಎರಡು ಸುತ್ತು ಹಾಕಿದರೂ ಇನ್ನೂ ಮಿಗುತ್ತದೆ!

ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದೀರಾ? ಬೇಸರ ಬೇಡ. ಆ ಹತ್ತು ನಿಮಿಷದಲ್ಲಿ ನೀವು ಸೂರ್ಯನ ಸುತ್ತ ಸುಮಾರು 18,000 ಕಿ.ಮೀ. ಓಡಿರುತ್ತೀರಿ! ಭೂಮಿ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ನಿಂತಿರುವುದು ನಿಮ್ಮ ಗಾಡಿ ಮಾತ್ರ!

ಕೆ.ಆರ್. ಪುರಕ್ಕೂ ಕೆಂಗೇರಿಗೂ ಒಂದೇ ಮಧ್ಯಾಹ್ನ ಅಂದುಕೊಂಡಿದ್ದೀರಾ? ಇಲ್ಲ! ಕೆ.ಆರ್. ಪುರದ ನೆತ್ತಿಗೆ ಸೂರ್ಯ ಸುಮಾರು 50 ಸೆಕೆಂಡ್ ಮೊದಲೇ ಬರುತ್ತಾನೆ. ಪೂರ್ವದವರಿಗೆ ಮೊದಲ ಪಂಕ್ತಿ!

ವರ್ಷಕ್ಕೆ ಎರಡು ದಿನ ಬೆಂಗಳೂರಿನಲ್ಲಿ ನೆರಳೇ ಕಾಣೆಯಾಗುತ್ತದೆ. ಏಪ್ರಿಲ್ 24ರ ಆಸುಪಾಸು ಒಂದು. ಆಗಸ್ಟ್ 18ರ ಆಸುಪಾಸು ಇನ್ನೊಂದು. ಏಪ್ರಿಲಿನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷಕ್ಕೆ, ಆಗಸ್ಟಿನಲ್ಲಿ 12 ಗಂಟೆ 24ರ ಹೊತ್ತಿಗೆ ಒಂದು ಸ್ಟೀಲ್ ಲೋಟವನ್ನು ಟೆರೇಸಿನಲ್ಲಿ ಬೋರಲು ಹಾಕಿ. ನೆರಳು ಹುಡುಕಿ ಅಂತ ಮಕ್ಕಳಿಗೆ ಹೇಳಿ. ಸಿಗುವುದಿಲ್ಲ! ಇದಕ್ಕೆ ಶೂನ್ಯ ನೆರಳಿನ ದಿನ ಅಂತ ಹೆಸರು. ಸೂರ್ಯ ಕರಾರುವಾಕ್ಕಾಗಿ ನೆತ್ತಿಯ ಮೇಲಿರುತ್ತಾನೆ.

ಇದೇ ಆಟವನ್ನು ಮೂರು ಊರಿನ ನೆಂಟರು ಸೇರಿ ಆಡಬಹುದು! ಚೆನ್ನೈ, ಬೆಂಗಳೂರು, ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗಾಗಿ ಒಂದೇ ದಿನ ಮೂರೂ ಕಡೆ ನೆರಳು ಮಾಯ. ಏಪ್ರಿಲಿನಲ್ಲಿ ಚೆನ್ನೈಯ ಅತ್ತೆಗೆ 12:07ಕ್ಕೆ, ನಮಗೆ 12:17ಕ್ಕೆ, ಮಂಗಳೂರಿನ ಮಾವನಿಗೆ 12:28ಕ್ಕೆ. ಫೋನಿನಲ್ಲೇ ಭೂಮಿ ತಿರುಗುವುದನ್ನು ಹಿಡಿದುಬಿಡಬಹುದು!

ದೆಹಲಿಯಲ್ಲಿ ಈ ದಿನ ಬರುವುದೇ ಇಲ್ಲ! ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಊರುಗಳ ನೆತ್ತಿಗೆ ಸೂರ್ಯ ಎಂದೂ ಬರುವುದಿಲ್ಲ. ಸಿನಿಮಾ ಸ್ಟಾರು, ಮಂತ್ರಿ, ಯಾರೇ ಕರೆದರೂ ಬರುವುದಿಲ್ಲ!

ಇನ್ನೊಂದು ಚೋದ್ಯ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ! ಆಗ ಕಂಬದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮಿಕ್ಕ ತಿಂಗಳು ಉತ್ತರಕ್ಕೆ. ನಿಮ್ಮ ಉತ್ತರದ ಕಿಟಕಿಗೆ ಮೇ ತಿಂಗಳಲ್ಲಿ ಬಿಸಿಲು ಯಾಕೆ ಬರುತ್ತದೆ ಅಂತ ಈಗ ತಿಳಿಯಿತೇ?

ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡು ನಡುಗುತ್ತೀರಲ್ಲ? ಆಗಲೇ ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು! ಜನವರಿ ಮೊದಲ ವಾರ 14.7 ಕೋಟಿ ಕಿ.ಮೀ., ಜುಲೈ ಮೊದಲ ವಾರ 15.2 ಕೋಟಿ ಕಿ.ಮೀ. ಚಳಿಗೂ ಸೆಕೆಗೂ ಕಾರಣ ದೂರವಲ್ಲ, ಭೂಮಿಯ ಓರೆ ನಿಲುವು.

ಶಿವಾಜಿನಗರದ ಮಸೀದಿಗಳಿಗೂ ಸೂರ್ಯನ ನೆರಳಿಗೂ ಸಂಬಂಧವಿದೆ. ಮಧ್ಯಾಹ್ನದ ನಂತರದ ಅಸರ್ ನಮಾಜಿನ ಹೊತ್ತು ಗೊತ್ತಾಗುವುದೇ ನೆರಳಿನಿಂದ! ನೆಟ್ಟ ಕೋಲಿನ ನೆರಳು ನಡು ಮಧ್ಯಾಹ್ನ ಇದ್ದುದಕ್ಕಿಂತ ಒಂದು ಕೋಲಿನುದ್ದ ಹೆಚ್ಚಾದಾಗ ಅಸರ್ ಶುರು ಎಂಬುದು ಒಂದು ಲೆಕ್ಕ. ಹನಫಿ ಪದ್ಧತಿಯಲ್ಲಿ ಎರಡು ಕೋಲಿನುದ್ದ ಹೆಚ್ಚಾಗಬೇಕು. ಮಸೀದಿಯ ಗೋಡೆಯ ಪಟ್ಟಿಯಲ್ಲಿ ಈ ವೇಳೆ ವರ್ಷವಿಡೀ ಜರುಗುತ್ತಲೇ ಇರುವುದು ಅದಕ್ಕೇ!

ಅಲ್ಲೇ ಪಕ್ಕದ ಚರ್ಚುಗಳ ಈಸ್ಟರ್ ಹಬ್ಬವೂ ಕಡಿಮೆ ಏನಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು. ಅದಾದ ಮೇಲಿನ ಭಾನುವಾರ ಹಿಡಿಯಬೇಕು. ಒಂದು ಹಬ್ಬಕ್ಕೆ ಸೂರ್ಯ, ಚಂದ್ರ, ವಾರ ಮೂರೂ ಒಪ್ಪಬೇಕು!

ವಾರ ಅಂದೆನಲ್ಲ, ಭಾನುವಾರದ ಮರುದಿನ ಸೋಮವಾರವೇ ಯಾಕೆ? ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. ಆಕಾಶದಲ್ಲಿ ಎಲ್ಲರಿಗಿಂತ ನಿಧಾನವಾಗಿ ಸಾಗುವವನಿಂದ ಶುರು ಮಾಡಿ ಬರೆಯಲಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಗಂಟೆಗೆ ಒಬ್ಬರಂತೆ ಸರದಿ. ಇದೇ ಹೋರೆ. ಭಾನುವಾರದ ಮೊದಲ ಗಂಟೆ ರವಿಗೆ. ಎಣಿಸುತ್ತಾ ಹೋಗಲಿ. 24 ಗಂಟೆ ಮುಗಿದು 25ನೆಯದು ಯಾರಿಗೆ ಬಂತು? ಚಂದ್ರನಿಗೆ! ಹಾಗಾಗಿ ಸೋಮವಾರ. ಮತ್ತೆ 24 ಎಣಿಸಿದರೆ ಮಂಗಳ! ನಿಮ್ಮ ಕ್ಯಾಲೆಂಡರಿನಲ್ಲೇ ಒಗಟು ಕೂತಿದೆ.

ಈಗ ಯಜಮಾನನ ಸರದಿ. ಸೌರವ್ಯೂಹದ ತೂಕದಲ್ಲಿ ನೂರಕ್ಕೆ 99.8 ಭಾಗಕ್ಕೂ ಹೆಚ್ಚು ಸೂರ್ಯನೊಬ್ಬನದೇ! ಎಂಟು ಗ್ರಹ, ನೂರಾರು ಉಪಗ್ರಹ, ಧೂಮಕೇತು, ನೀವು, ನಾನು, ಹಲಸೂರು ಕೆರೆ ಎಲ್ಲ ಸೇರಿ ಉಳಿದ ಚೂರು.

ಸೂರ್ಯನೊಳಗೆ ಸುಮಾರು 13 ಲಕ್ಷ ಭೂಮಿಗಳನ್ನು ತುಂಬಬಹುದು. ಅಷ್ಟು ದೊಡ್ಡವನು ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ ತೂಕ ಕಳೆದುಕೊಳ್ಳುತ್ತಿದ್ದಾನೆ. ಅದೆಲ್ಲ ಬೆಳಕು, ಶಾಖವಾಗಿ ಹೋಗುತ್ತದೆ. 460 ಕೋಟಿ ವರ್ಷದಿಂದ ಹೀಗೇ ನಡೆದಿದೆ. ಆದರೂ ಬಡವಾಗಿಲ್ಲ ಮಹಾರಾಯ!

ನಿಮ್ಮ ಮುಖಕ್ಕೆ ಬಿದ್ದ ಬಿಸಿಲು ಸೂರ್ಯನ ಮೇಲ್ಮೈಯಿಂದ ಎಂಟು ನಿಮಿಷದಲ್ಲಿ ಬಂತು, ಸರಿ. ಆದರೆ ಅದೇ ಶಕ್ತಿ ಸೂರ್ಯನ ಹೊಟ್ಟೆಯಿಂದ ಮೇಲ್ಮೈಗೆ ಬರಲು ಸಾವಿರಾರು ವರ್ಷ ಒದ್ದಾಡಿದೆ! ಇವತ್ತಿನ ಬಿಸಿಲು ಕೆಂಪೇಗೌಡರಿಗಿಂತ ಎಷ್ಟೋ ಹಳೆಯದು.

ಒಲೆಯಿಂದ ದೂರ ಹೋದಷ್ಟೂ ತಣ್ಣಗಾಗಬೇಕು ಅಲ್ಲವೇ? ಸೂರ್ಯ ಈ ನಿಯಮವನ್ನೇ ಮುರಿದಿದ್ದಾನೆ! ಅವನ ಮೇಲ್ಮೈಯ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರಾಚೆ ಹಬ್ಬಿರುವ ಕರೋನಾ ಎಂಬ ಪ್ರಭಾವಲಯದ್ದು ಹತ್ತು ಲಕ್ಷ ಡಿಗ್ರಿಗೂ ಮೇಲೆ! ಇದು ವಿಜ್ಞಾನಿಗಳ ತಲೆ ಕೆಡಿಸಿದ ಪ್ರಶ್ನೆ.

ಆ ಕರೋನಾವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಉಪಕರಣ ತಯಾರಾದದ್ದೆಲ್ಲಿ ಗೊತ್ತೇ? ಕೆ.ಆರ್. ಪುರದಿಂದ ಮುಂದೆ, ಹೊಸಕೋಟೆಯಲ್ಲಿ! ಭಾರತೀಯ ಖಭೌತ ಸಂಸ್ಥೆಯ ಆವರಣ ಅಲ್ಲಿದೆ. ಅಲ್ಲಿ ರೂಪುಗೊಂಡ ಉಪಕರಣವನ್ನು ಹೊತ್ತ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹಾರಿತು. 2024ರ ಜನವರಿ 6ಕ್ಕೆ 15 ಲಕ್ಷ ಕಿ.ಮೀ. ದೂರದ ಜಾಗ ಸೇರಿತು. ನಮ್ಮ ರಸೆಲ್ ಮಾರ್ಕೆಟ್ ಅಳತೆಯಲ್ಲಿ ಇದೆಷ್ಟು? ಭೂಮಿಯಿಂದ ಮೂರೂವರೆ ಮೀಟರ್!

ಹೊಸಕೋಟೆಯ ಅದೇ ಆವರಣದಲ್ಲಿ ಇನ್ನೊಂದು ಜಾದೂ. ಅಲ್ಲಿ ಕುಳಿತವರು ಗುಂಡಿ ಒತ್ತಿದರೆ ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ತಿರುಗುತ್ತದೆ! ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲಿರುವ, 2 ಮೀಟರ್ ಅಗಲದ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕ ಅದು. ಅಪ್ಪಣೆ ಹೋಗುವುದು ಉಪಗ್ರಹದ ಮೂಲಕ. ಹಿಮ ಅಲ್ಲಿ, ಬಿಸಿ ಕಾಫಿ ಇಲ್ಲಿ!

ಮೋಡ ಕವಿದರೆ ಸೂರ್ಯ ಕಾಣುವುದಿಲ್ಲ. ಆದರೆ ಗೌರಿಬಿದನೂರಿನವರಿಗೆ ಮೋಡದ ಚಿಂತೆಯಿಲ್ಲ! ಅಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲೇ ಇದೆ. ರೇಡಿಯೋ ಅಲೆಗೆ ಮೋಡ ಅಡ್ಡ ಬರುವುದಿಲ್ಲ.

ಕಬ್ಬನ್ ಪಾರ್ಕಿನ ಮರಗಳ ಕೆಳಗೆ ದುಂಡು ದುಂಡು ಬೆಳಕಿನ ಚುಕ್ಕೆಗಳು ಬಿದ್ದಿರುತ್ತವಲ್ಲ, ಅವು ಏನು? ಒಂದೊಂದೂ ಸೂರ್ಯನ ಚಿತ್ರ! ಎಲೆಗಳ ಸಂದು ಯಾವ ಆಕಾರದಲ್ಲೇ ಇರಲಿ, ಚುಕ್ಕೆ ದುಂಡಗೇ ಬೀಳುತ್ತದೆ. ನಂಬಿಕೆ ಬರಲಿಲ್ಲವೇ? ಗ್ರಹಣದ ದಿನ ನೋಡಿ. ನೂರಾರು ಚುಕ್ಕೆಗಳೂ ಕುಡುಗೋಲಿನ ಆಕಾರ ತಾಳುತ್ತವೆ! ಒಂದು ಮಾತು ಮಾತ್ರ ನೆನಪಿರಲಿ. ಮಕ್ಕಳು ನೆಲ ನೋಡಲಿ, ಸೂರ್ಯನನ್ನು ನೇರ ನೋಡಬಾರದು. ಕೂಲಿಂಗ್ ಗ್ಲಾಸು, ಎಕ್ಸ್‌ರೇ ಹಾಳೆ ಯಾವುದೂ ಕಣ್ಣು ಕಾಯುವುದಿಲ್ಲ.

ಹುಟ್ಟುಹಬ್ಬದ ಬಲೂನು ಮೇಲಕ್ಕೆ ಹಾರುವುದು ಹೀಲಿಯಂ ಅನಿಲದಿಂದ. ಆ ಹೀಲಿಯಂ ಮೊದಲು ಗೋಚರವಾದದ್ದು ಭೂಮಿಯ ಮೇಲಲ್ಲ, ಸೂರ್ಯನಲ್ಲಿ! 1868ರ ಆಗಸ್ಟ್ 18ರ ಪೂರ್ಣ ಗ್ರಹಣದಲ್ಲಿ ಸೂರ್ಯನ ಬೆಳಕಿನಲ್ಲಿ ಹಳದಿ ಗೆರೆಯೊಂದು ಕಂಡಿತು. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 27 ವರ್ಷ ತಡವಾಗಿ, 1895ರಲ್ಲಿ. ಅಂದಹಾಗೆ, ಆಗಸ್ಟ್ 18 ನಮ್ಮ ನೆರಳು ಮಾಯವಾಗುವ ದಿನವೂ ಹೌದಲ್ಲವೇ!

ಆ ಗ್ರಹಣ ನೋಡಲು ಜಮಖಂಡಿಗೆ ಬಂದಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯಾರು ಅವರು? 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ! ಹೀಲಿಯಂಗೆ ಹೆಸರು ಕೊಟ್ಟ ನಾರ್ಮನ್ ಲಾಕಿಯರ್ ಕೂಡ ನಮ್ಮ ಕಡೆ ಬಂದಿದ್ದರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಅವರು ದೂರದರ್ಶಕ ಹೂಡಿದ್ದು ಕಾಸರಗೋಡಿನ ಬೇಕಲ ಕೋಟೆಯಲ್ಲಿ!

ಬುಧನ ಮೇಲೆ ಹುಟ್ಟುಹಬ್ಬಕ್ಕೆ ಬರವಿಲ್ಲ. ಅಲ್ಲಿ 88 ದಿನಕ್ಕೆ ಒಂದು ವರ್ಷ. ಹತ್ತು ವರ್ಷದ ಮಗುವಿಗೆ ಅಲ್ಲಿ 41 ತುಂಬಿರುತ್ತದೆ! ಆದರೆ ಬೆಳಗಾಗುವುದು ಮಹಾ ನಿಧಾನ. ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ನಮ್ಮ 176 ದಿನ. ಒಂದು ಹಗಲು-ರಾತ್ರಿ ಮುಗಿಯುವಷ್ಟರಲ್ಲಿ ಎರಡು ಹುಟ್ಟುಹಬ್ಬ!

ಶುಕ್ರನಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ! ಯಾಕೆಂದರೆ ಆ ಗ್ರಹ ತಿರುಗುವುದೇ ಉಲ್ಟಾ. ಅದೂ ಎಷ್ಟು ಸೋಮಾರಿಯಾಗಿ? ತನ್ನ ಸುತ್ತ ಒಂದು ಸಲ ತಿರುಗಲು 243 ದಿನ. ಸೂರ್ಯನ ಸುತ್ತ ಒಂದು ಸಲ ಬರಲು 225 ದಿನ.

ಅತಿ ಬಿಸಿಯ ಗ್ರಹ ಸೂರ್ಯನ ಪಕ್ಕದ ಬುಧ ಅಂತ ಮಕ್ಕಳು ಹೇಳುತ್ತಾರೆ. ತಪ್ಪು! ಅದು ಶುಕ್ರ. ದಪ್ಪ ಇಂಗಾಲದ ಡೈಆಕ್ಸೈಡ್ ಹೊದಿಕೆಯೊಳಗೆ ಸುಮಾರು 465 ಡಿಗ್ರಿ. ಸೀಸ ಕರಗಿ ನೀರಾಗುತ್ತದೆ! ಸಂಜೆ ಅಷ್ಟು ತಂಪಾಗಿ ಹೊಳೆಯುವುದು ಇದೇ ಶುಕ್ರ ನೋಡಿ.

ನಾವೂ ಒಂದು ಗ್ರಹದ ಮೇಲೇ ಇದ್ದೇವೆ. ಈ ಗ್ರಹದ ಆಕಾರ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಮೊದಲು ಸರಪಳಿ ಎಳೆದದ್ದು ಬೆಂಗಳೂರಿನಲ್ಲಿ! ಏಳು ಮೈಲಿಗೂ ಉದ್ದದ ಗೆರೆ ಅದು. ಆ 100 ಅಡಿಯ ಉಕ್ಕಿನ ಸರಪಳಿಯ ಕಥೆ ಇನ್ನೂ ಸ್ವಾರಸ್ಯ. ಅದು ಚೀನಾದ ಚಕ್ರವರ್ತಿಗೆಂದು ಹೊರಟ ಕಾಣಿಕೆ. ಅವನು ಬೇಡ ಅಂದ. ಅದು ಇಂಡಿಯಾಕ್ಕೆ ಬಂತು! ಚೀನಾದವನು ಒಪ್ಪಿದ್ದರೆ ನಮ್ಮ ಭೂಮಿಯನ್ನು ಯಾವುದರಿಂದ ಅಳೆಯುತ್ತಿದ್ದರೋ!

ಮತ್ತೆ, ಭೂಮಿ ಪೂರಾ ದುಂಡಗಿಲ್ಲ. ನಡು ಸ್ವಲ್ಪ ಉಬ್ಬಿದೆ. ಸಮಭಾಜಕದ ಅಡ್ಡಳತೆ ಧ್ರುವದ ಅಡ್ಡಳತೆಗಿಂತ 43 ಕಿ.ಮೀ. ಜಾಸ್ತಿ!

ಮಂಗಳನಿಗೆ ಇಂದಿರಾನಗರದ ನೆರೆಹೊರೆಯವರು ನೌಕೆ ಕಟ್ಟಿದ್ದಾರೆ! ದೊಮ್ಮಲೂರು ದಾಟಿ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಹೋದರೆ ಇಸ್ರೋದ ಉಪಗ್ರಹ ಕೇಂದ್ರ ಸಿಗುತ್ತದೆ. ಈಗ ಅದಕ್ಕೆ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರು. ಮಂಗಳಯಾನ ಅಲ್ಲಿಯದು. 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮಂಗಳನ ಕಕ್ಷೆ ಸೇರಿತು. ಮೊದಲ ಯತ್ನದಲ್ಲೇ!

ಖರ್ಚು ಸುಮಾರು 450 ಕೋಟಿ. ದಾರಿ ಸುಮಾರು 65 ಕೋಟಿ ಕಿ.ಮೀ. ಭಾಗಿಸಿ ನೋಡಿ. ಕಿಲೋಮೀಟರಿಗೆ ಏಳು ರೂಪಾಯಿ! ಆ ರೇಟಿಗೆ ಇಂದಿರಾನಗರದಲ್ಲಿ ಒಂದು ಆಟೋ ನಿಲ್ಲಿಸಿ ನೋಡೋಣ!

ಆರು ತಿಂಗಳು ಬಾಳಿದರೆ ಸಾಕು ಅಂತ ಮಾಡಿದ ನೌಕೆ ಅದು. ಎಂಟು ವರ್ಷದ ಹತ್ತಿರ ಬಾಳಿತು!

ಮಂಗಳನಲ್ಲಿ ಹಗಲು ಆಕಾಶ ಮಾಸಲು ಕಂದು, ಸಂಜೆಯ ಸೂರ್ಯನ ಸುತ್ತ ನೀಲಿ! ನಮ್ಮದಕ್ಕೆ ತಲೆಕೆಳಗು. ಅಲ್ಲಿನ ಒಲಿಂಪಸ್ ಮಾನ್ಸ್ ಬೆಟ್ಟದ ಎತ್ತರ ಸುಮಾರು 22 ಕಿ.ಮೀ. ನಂದಿ ಬೆಟ್ಟ ಒಂದೂವರೆ ಕಿ.ಮೀ.ಯೂ ಇಲ್ಲ.

ಮಗುವಿನ ತೂಕ ಇಲ್ಲಿ 20 ಕೆ.ಜಿ.ಯೇ? ಅದೇ ಸ್ಪ್ರಿಂಗ್ ತಕ್ಕಡಿ ಮಂಗಳನಲ್ಲಿ ಏಳೂವರೆ ತೋರಿಸುತ್ತದೆ. ಗುರುವಿನಲ್ಲಿ ಸುಮಾರು 50! ಆದರೆ ಗುರುವಿನಲ್ಲಿ ತಕ್ಕಡಿ ಇಡಲು ಗಟ್ಟಿ ನೆಲವೇ ಇಲ್ಲ!

ಅಷ್ಟು ದಡೂತಿ ಗುರು ಎಲ್ಲರಿಗಿಂತ ಚುರುಕು. ಒಂದು ಸುತ್ತು ತಿರುಗಲು ಹತ್ತು ಗಂಟೆಯೂ ಬೇಡ. ಶಾಲೆ, ಹೋಂವರ್ಕ್, ನಿದ್ದೆ ಎಲ್ಲ ಹತ್ತು ಗಂಟೆಯೊಳಗೆ. ಮಕ್ಕಳನ್ನು ಕೇಳಿ, ಬೇಕಾ ಅಂತ!

ಅಜ್ಜನಿಗೆ ಷಷ್ಟ್ಯಬ್ದಿ ಮಾಡಿದಿರಾ? ಆ 60 ವರ್ಷದಲ್ಲಿ ಗುರು ಸೂರ್ಯನನ್ನು ಹತ್ತಿರ ಹತ್ತಿರ ಐದು ಸುತ್ತು ಹಾಕಿದ್ದಾನೆ. ಶನಿ ಎರಡು ಸುತ್ತು! ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರವೂ ಅಷ್ಟೇ ಉದ್ದ. ಅಜ್ಜನಿಗೆ ಶನಿಯ ಲೆಕ್ಕದಲ್ಲಿ ಈಗ ಎರಡೇ ವರ್ಷ!

ಸಾಡೇಸಾತಿ ಏಳೂವರೆಯೇ ಯಾಕೆ? ಶನಿಯ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಅದನ್ನು 12 ರಾಶಿಗೆ ಹಂಚಿದರೆ ಒಂದಕ್ಕೆ ಸುಮಾರು ಎರಡೂವರೆ. ಮೂರು ರಾಶಿಗೆ ಏಳೂವರೆ. ಹೆದರುವವರು ಹೆದರಲಿ, ಗಣಿತ ಮಾತ್ರ ಚೊಕ್ಕ!

ಶನಿ ನೀರಿಗಿಂತ ಹಗುರ. ಅಷ್ಟು ದೊಡ್ಡ ಕೆರೆ ಎಲ್ಲಾದರೂ ಇದ್ದಿದ್ದರೆ ಶನಿ ಅದರಲ್ಲಿ ತೇಲುತ್ತಿದ್ದ! ಇನ್ನು ಅವನ ಸಂಸಾರ ಕೇಳಿ. 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ 128 ಹೊಸ ಉಪಗ್ರಹಗಳು ಪಟ್ಟಿಗೆ ಸೇರಿದವು. ಆಗ ಒಟ್ಟು 274!

ಯುರೇನಸ್ ಪೂರ್ತಿ ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಅದರ ಧ್ರುವದಲ್ಲಿ 42 ವರ್ಷ ಹಗಲು, 42 ವರ್ಷ ರಾತ್ರಿ!

ಯುರೇನಸ್‌ಗೂ ಬಳೆಗಳಿವೆ. 1977ರ ಮಾರ್ಚ್ 10ರಂದು ಅದು ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ಕಣ್ಣಿಟ್ಟಿದ್ದರು. ಗ್ರಹ ಬರುವ ಮೊದಲೇ ನಕ್ಷತ್ರ ಕಣ್ಣು ಮಿಟುಕಿಸಿತು! ಹೊಸ ಉಪಗ್ರಹ ಇರಬೇಕು ಅಂದುಕೊಂಡರು. ಅದು ಬಳೆ! ಅಮೆರಿಕದ ತಂಡವೊಂದು ಹಾರುವ ವಿಮಾನದಿಂದಲೇ ಅದೇ ಮಿಟುಕನ್ನು ಹಿಡಿದಿತ್ತು. ಬಳೆಗಳ ಕೀರ್ತಿ ಅವರ ಪಾಲಾಯಿತು. ನಮ್ಮವರಿಗೆ ಕೂದಲೆಳೆಯಲ್ಲಿ ತಪ್ಪಿತು ಅಂತ ನನಗೆ ಇವತ್ತಿಗೂ ಹೊಟ್ಟೆಯುರಿ!

ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ. ಅದು ಸಿಕ್ಕ ಮೇಲೆ ತನ್ನ ಮೊದಲ ವರ್ಷ ಮುಗಿಸಿದ್ದು ಯಾವಾಗ? 2011ರಲ್ಲಿ! ಅಲ್ಲಿಯ ಒಂದು ವರ್ಷಕ್ಕೆ ನಮ್ಮ 165 ವರ್ಷ.

ನೆಪ್ಚೂನಿನ ಆಚೆಗೂ ಗ್ರಹಗಳು ಇರಬೇಕು ಅಂತ 1911ರಲ್ಲೇ ಲೆಕ್ಕ ಹಾಕಿ ಬರೆದವರೊಬ್ಬರು ನಮ್ಮ ವಿಜಯಪುರದಲ್ಲಿದ್ದರು! ಪಂಚಾಂಗ ಪಂಡಿತ ವೆಂಕಟೇಶ ಬಾಪೂಜಿ ಕೇತಕರ್. ಒಂದಕ್ಕೆ ಬ್ರಹ್ಮ ಅಂತ ಹೆಸರಿಟ್ಟು, ಸೂರ್ಯನನ್ನು ಸುತ್ತಲು 242 ವರ್ಷ ಬೇಕು ಅಂದರು. 1930ರಲ್ಲಿ ಪ್ಲೂಟೋ ಸಿಕ್ಕಿತು. ಅದಕ್ಕೆ ಬೇಕಾಗುವುದು 248 ವರ್ಷ! 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು, ಬಿಡಿ. ಲೆಕ್ಕ ಹಾಕಿದ ಸಾಹಸವನ್ನು ಯಾರು ತೆಗೆಯುತ್ತಾರೆ?

ದಂಡಿನ ಕಡೆಯಿಂದ ಹೈಗ್ರೌಂಡ್ಸ್ ಕಡೆಗೆ ಬಂದರೆ ಚೌಡಯ್ಯ ರಸ್ತೆಯಲ್ಲಿ ಜವಾಹರಲಾಲ್ ನೆಹರೂ ತಾರಾಲಯ. ಶುರುವಾದದ್ದು 1989ರಲ್ಲಿ. ಕನ್ನಡದಲ್ಲೂ ಪ್ರದರ್ಶನ ಇರುತ್ತದೆ. ಅದರ ಸ್ಥಾಪಕ ನಿರ್ದೇಶಕರು ಯಾರು ಗೊತ್ತೇ? ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ. ಕಪ್ಪು ಕುಳಿಗೆ ಪೆಟ್ಟು ಬಿದ್ದರೆ ಅದು ಹೇಗೆ ಕಂಪಿಸಿ ಅಡಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿದವರು! 2015ರಲ್ಲಿ ಗುರುತ್ವದ ಅಲೆಗಳು ಸಿಕ್ಕಾಗ ಅಂಥದೇ ಕಂಪನಕ್ಕಾಗಿ ವಿಜ್ಞಾನಿಗಳು ಕಿವಿಗೊಟ್ಟರು. ಮಕ್ಕಳಿಗೆ ಶನಿಯ ಬಳೆ ತೋರಿಸುವ ಮನೆಯನ್ನು ಕಟ್ಟಿ ನಿಲ್ಲಿಸಿದವರು ಅವರು!

ಹಲಸೂರಿನ ಸೋಮೇಶ್ವರ ಗುಡಿಗೆ ಹೋದರೆ ಮಕ್ಕಳಿಗೆ ಕಲ್ಲಿನಲ್ಲಿ ಕೆತ್ತಿದ ಸಪ್ತರ್ಷಿಗಳನ್ನು ತೋರಿಸಿ. ಅದೇ ಏಳು ಮಂದಿಯನ್ನು ಬೇಸಿಗೆಯ ಸಂಜೆ ಉತ್ತರದ ಆಕಾಶದಲ್ಲಿ ಹುಡುಕಿಸಿ. ಧ್ರುವ ನಕ್ಷತ್ರ ಇನ್ನೂ ಕೆಳಗೆ, ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಬೆಂಗಳೂರಿನ ಅಕ್ಷಾಂಶವೂ 13! ಎರಡೂ ಯಾವಾಗಲೂ ಹೆಚ್ಚುಕಡಿಮೆ ಒಂದೇ.

ಮನೆಯ ಟೆರೇಸಿನಿಂದಲೇ ಐದು ಗ್ರಹ ಬರಿಗಣ್ಣಿಗೆ ಕಾಣುತ್ತವೆ. ಬುಧ, ಶುಕ್ರ, ಮಂಗಳ, ಗುರು, ಶನಿ. ಎಂ.ಜಿ. ರಸ್ತೆಯ ದೀಪಗಳ ನಡುವೆಯೂ ಶುಕ್ರ, ಗುರು ತಪ್ಪಿಸಿಕೊಳ್ಳಲಾರರು! ಮಿನುಗಿದರೆ ನಕ್ಷತ್ರ, ಮಿನುಗದೆ ನಿಂತರೆ ಬಹುಮಟ್ಟಿಗೆ ಗ್ರಹ. ಇಷ್ಟು ಕಲಿತ ಮಗು ಅಪ್ಪನಿಗೇ ಪಾಠ ಹೇಳುತ್ತದೆ.

ಕೊನೆಯದು, ಬಲು ಅಪರೂಪದ್ದು. ಕೆಲವೊಮ್ಮೆ ಶುಕ್ರ ಸೂರ್ಯನ ಮುಖದ ಮೇಲೆ ಕರಿ ಚುಕ್ಕೆಯಾಗಿ ಹಾದುಹೋಗುತ್ತಾನೆ. 1874ರ ಡಿಸೆಂಬರಿನಲ್ಲಿ ಹೀಗಾಗುವುದಿತ್ತು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದನ್ನು ಜನರಿಗೆ ತಿಳಿಸಲು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂತು! ಒಂದೂವರೆ ಶತಮಾನದ ಹಿಂದೆಯೇ ಕನ್ನಡದ ಓದುಗರಿಗೆ ಗ್ರಹಗಳ ಸುದ್ದಿ ಮೊದಲೇ ತಲುಪಿಸಿದ್ದರು ನೋಡಿ.

ಆ ಚುಕ್ಕೆ 2004ರಲ್ಲೂ ಬಂತು, 2012ರ ಜೂನ್ 6ರಂದು ಇನ್ನೊಮ್ಮೆ ಬಂತು. ಅವತ್ತು ಬೆಳಿಗ್ಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗಲೇ ಮುಖದ ಮೇಲೆ ಚುಕ್ಕೆ ಇತ್ತು. ಮುಂದಿನದು 2117ರ ಡಿಸೆಂಬರ್ 11ಕ್ಕೆ. ಆಗಲೂ ಕೆ.ಆರ್. ಪುರದ ಕಡೆ ಸೂರ್ಯ ಚುಕ್ಕೆ ಹೊತ್ತೇ ಮೇಲೇಳುತ್ತಾನೆ. ತಾರೀಕು ಬರೆದಿಟ್ಟುಕೊಳ್ಳಿ, ಮೊಮ್ಮಕ್ಕಳಿಗೂ ಹೇಳಿಡಿ!